ಶಾಲಾ ಸಮಿತಿಯೂ ನ್ಯಾಸಾಪಹಾರವೂ

ಗೃಹಸ್ಥನ ಅಣುವ್ರತಗಳಿಗೆ ಹೇಳಿರುವ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದು ಒಂದು. ನ್ಯಾಸವೆಂದರೆ ನಂಬಿ ಇರಿಸಿದ ಒಡವೆ. ಅಪಹಾರವೆಂದರೆ ಅದನ್ನು ನುಂಗಿಕೊಳ್ಳುವುದು. ಇದು ಕಳವಿನ ಜಾತಿಗೆ ಸೇರಿದ ದೋಷವೆಂದೇ ಯಾರಿಗಾದರೂ ತೋರುವುದು ಸಹಜ. ಆದರೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಇದನ್ನು ಅಚೌರ್ಯವ್ರತದ ಅತಿಚಾರಗಳೊಡನೆ ಎಣಿಸದೆ, ಸತ್ಯವ್ರತದ ಅತಿಚಾರಗಳ ನಡುವೆ, ಸುಳ್ಳುಬರಹವೆಂಬ ಅರ್ಥದ ಕೂಟಲೇಖಕ್ರಿಯೆಯ ಪಕ್ಕದಲ್ಲಿಯೇ ಇರಿಸಿದ್ದಾರೆ. ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಬಿಡಿಸಿ ಹೇಳುತ್ತಾರೆ. ಒಬ್ಬನು ಹೊನ್ನನ್ನು ಒಪ್ಪಿಸಿ ಹೋಗಿದ್ದಾನೆ. ಕಾಲಾಂತರದಲ್ಲಿ ಎಣಿಕೆಯನ್ನು ಮರೆತು, ಇಟ್ಟುದಕ್ಕಿಂತ ಕಡಿಮೆ ಕೇಳುತ್ತಾನೆ. ಇರಿಸಿಕೊಂಡವನು ಹಾಗೆಯೇ ಆಗಲಿ ಎಂದು ಒಪ್ಪಿ, ಕೇಳಿದಷ್ಟನ್ನು ಕೊಟ್ಟುಬಿಡುತ್ತಾನೆ. ಅವನ ಕೈ ಏನನ್ನೂ ಕಸಿಯಲಿಲ್ಲ. ಇಟ್ಟವನ ಮರೆವನ್ನು ತಿದ್ದದೆ ಅದಕ್ಕೆ ತಲೆದೂಗಿದನು, ಅಷ್ಟೆ.

ಈ ಭಾಗವನ್ನು ನಾನು ಸ್ವಾಧ್ಯಾಯದಲ್ಲಿ ಎಷ್ಟೋ ಸಲ ಓದಿದ್ದೇನೆ. ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನ ನಾಲ್ಕು ಜನರಿಗೆ ವಿವರಿಸಿಯೂ ಇದ್ದೇನೆ. ವ್ಯಾಪಾರಿಗೆ ಒಡವೆ, ಠೇವಣಿ, ಕೈಬದಲಿನ ಮಾತುಗಳು ಸುಲಭವಾಗಿ ತಿಳಿಯುತ್ತವೆ ಎಂಬ ಜಂಬವೂ ನನಗಿತ್ತು. ಆದರೆ ಇದರ ಅರ್ಥ ನನಗೆ ನಿಜವಾಗಿ ಹೊಳೆದದ್ದು ಒಂದು ಸರ್ಕಾರಿ ಪ್ರೌಢಶಾಲೆಯ ಬಿಸಿಯೂಟದ ಪುಸ್ತಕದಲ್ಲಿ. ಆ ಸಂಗತಿಯನ್ನು ಓದುಗ ಬಂಧುಗಳ ಮುಂದೆ, ಅದರಲ್ಲಿ ನನ್ನ ಪಾಲಿನ ತಪ್ಪನ್ನು ಮುಚ್ಚಿಡದೆ, ಹೇಳಬೇಕೆಂದಿದ್ದೇನೆ. ಶಾಲೆ ಯಾವುದು, ಊರು ಯಾವುದು ಎಂಬುದು ಇಲ್ಲಿ ಅಗತ್ಯವಿಲ್ಲ. ನಮ್ಮ ಸೀಮೆಯದು ಎಂದರೆ ಸಾಕು.

ನಾನಿರುವುದು ಸಂಡೂರು ತಾಲ್ಲೂಕಿನ ವಡ್ಡುವಿನಲ್ಲಿ. 2021ರಲ್ಲಿ ಹೊಸಪೇಟೆ ಹೊಸ ವಿಜಯನಗರ ಜಿಲ್ಲೆಗೆ ಕೇಂದ್ರವಾದ ಮೇಲೂ ಸಂಡೂರು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿಯಿತು. ಒಂದು ಕಡೆ ಅದಿರಿನ ಬೆಟ್ಟಗಳು, ಮತ್ತೊಂದು ಕಡೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಅಂಗಡಿಯ ಕಪಾಟನ್ನು ಬೆಳಿಗ್ಗೆ ಒರೆಸಿದರೆ ಸಂಜೆಗೆ ಕೆಂಪು ಧೂಳು ಕುಳಿತಿರುತ್ತದೆ. ಅದಿರಿನ ಭರಾಟೆಯ ದಿನಗಳಲ್ಲಿ ಒಂಬತ್ತು, ಹತ್ತನೆಯ ತರಗತಿಯ ಹುಡುಗರು ಪುಸ್ತಕ ಬಿಟ್ಟು ಲಾರಿಯ ಕ್ಲೀನರುಗಳಾಗಿ ಹೋದುದನ್ನು ನಾವೆಲ್ಲ ಕಂಡಿದ್ದೇವೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಆ ಹುಡುಗರು ಮನೆಗೆ ಮರಳಿದರು, ಶಾಲೆಗೆ ಮರಳಲಿಲ್ಲ. ಅಂದು ಅವರ ಹಾಜರಿ ಪುಸ್ತಕವನ್ನು ಯಾರಾದರೂ ತೆರೆದು ನೋಡಿ ಒಂದು ಮಾತು ಆಡಿದ್ದರೆ ಎಂದು ಈಗ ಅನಿಸುತ್ತದೆ. ಅಂದು ನನಗೂ ಅನಿಸಿರಲಿಲ್ಲ. ಲಾರಿಗಳು ಹೆಚ್ಚಿದಷ್ಟೂ ಅಂಗಡಿಗೆ ವ್ಯಾಪಾರವಿತ್ತು.

ನೋಡಬೇಕಾದವರು ಯಾರು ಎಂಬುದನ್ನು ನಮ್ಮ ರಾಜ್ಯವು ಬಹಳ ಹಿಂದೆಯೇ ಗೊತ್ತುಮಾಡಿದೆ. ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಸರ್ಕಾರಿ ಶಾಲೆಗಳಿಗೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಜನ ಇದನ್ನು ಎಸ್‌ಡಿಎಂಸಿ ಎನ್ನುತ್ತಾರೆ. ಪೂರ್ತಿ ಹೆಸರನ್ನು ಸದಸ್ಯರೇ ಮರೆತಿರುತ್ತಾರೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಇಂತಹ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೂ ಪೋಷಕರೂ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದಿತು. ಶಾಲೆಯ ಕೆಲಸ ನಡೆಯುವ ಬಗೆಯನ್ನು ನೋಡುವುದು, ಅಭಿವೃದ್ಧಿಯ ಯೋಜನೆ ಸಿದ್ಧಪಡಿಸುವುದು, ಬಂದ ಅನುದಾನ ಹೇಗೆ ವೆಚ್ಚವಾಯಿತೆಂದು ಪರಿಶೀಲಿಸುವುದು ಇವು ಕಾಯ್ದೆ ಹೇಳಿದ ಕೆಲಸಗಳು. ಆ ಕಾಯ್ದೆಯ ಕೈ ಎಂಟನೆಯ ತರಗತಿಯವರೆಗೆ ಮಾತ್ರ ಚಾಚುತ್ತದೆ. ಒಂಬತ್ತು, ಹತ್ತನೆಯ ತರಗತಿಗಳಿಗಾಗಿ 2009ರಲ್ಲಿ ಆರಂಭವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನವು ಪ್ರೌಢಶಾಲೆಗಳಿಗೂ ಇಂತಹುದೇ ಸಮಿತಿ ಇರಬೇಕೆಂದು ವಿಧಿಸಿತು. 2018ರಲ್ಲಿ ಆ ಅಭಿಯಾನ ಸಮಗ್ರ ಶಿಕ್ಷಣದಲ್ಲಿ ವಿಲೀನವಾಯಿತು. ಹೆಸರುಗಳು ಬದಲಾದವು, ಸಭೆಯ ಪುಸ್ತಕ, ಅದರಲ್ಲಿ ಮೊದಲೇ ಬರೆದಿಟ್ಟ ನಿರ್ಣಯ, ಅದರ ಕೆಳಗೆ ಹಾಕಿಸಿಕೊಳ್ಳುವ ಸಹಿ, ಇವು ಬದಲಾದುದು ಕಡಿಮೆ.

2022ರ ಮಳೆಗಾಲದಲ್ಲಿ ಆ ಶಾಲೆಯ ಮುಖ್ಯೋಪಾಧ್ಯಾಯರು ನನ್ನ ಅಂಗಡಿಗೆ ಬಂದರು. ತಂದೆಯವರ ಹೆಸರಿನಲ್ಲಿ ಹಿಂದೊಮ್ಮೆ ಎರಡು ಕಪಾಟುಗಳನ್ನು ಆ ಶಾಲೆಗೆ ಕೊಟ್ಟಿದ್ದೆವು. ಆ ನೆನಪಿನ ಮೇಲೆ, ‘ನೀವು ಬಿ.ಕಾಂ. ಓದಿದವರು, ಲೆಕ್ಕ ಬಲ್ಲವರು. ಸಮಿತಿಯ ಸಭೆಗೆ ಆಹ್ವಾನಿತರಾಗಿ ಬಂದು ಲೆಕ್ಕ ನೋಡಿಕೊಡಿ’ ಎಂದು ಕೇಳಿದರು. ಸಮಿತಿಯ ತಾಯಂದಿರಲ್ಲಿ ಕೂಲಿಗೆ ಹೋಗುವವರೇ ಹೆಚ್ಚು. ತಂದೆಯರಲ್ಲಿ ಇಬ್ಬರು ಕಾರ್ಖಾನೆಯ ಗುತ್ತಿಗೆ ಕೆಲಸದವರು, ಪಾಳಿ ಮುಗಿಸಿ ಬಂದು ಕುಳಿತಲ್ಲೇ ತೂಕಡಿಸುವವರು. ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದಲ್ಲವೇ, ಹಣ ಕೊಡುವುದಕ್ಕಿಂತ ಇದು ಮೇಲು ಎಂದು ಒಪ್ಪಿಕೊಂಡೆನು.

ಮೊದಲ ವರ್ಷ ನನಗೆ ಹಬ್ಬವಾಗಿತ್ತೆಂದೇ ಹೇಳಬೇಕು. ನಗದು ಪುಸ್ತಕ, ದಾಸ್ತಾನು ಪುಸ್ತಕ, ರಸೀದಿಗಳ ಕಟ್ಟು, ಇವುಗಳ ವಾಸನೆಯೇ ನನಗೆ ಪ್ರಿಯ. ಪೆನ್ಸಿಲಿನಿಂದ ಬರೆದ ಮೊತ್ತಗಳಿದ್ದವು, ಕ್ರಮಸಂಖ್ಯೆಯಿಲ್ಲದ ರಸೀದಿಗಳಿದ್ದವು. ಶೈಕ್ಷಣಿಕ ಪ್ರವಾಸಕ್ಕೆಂದು ಮಕ್ಕಳಿಂದ ಕೂಡಿಸಿದ ಹಣದಲ್ಲಿ ಉಳಿದುದನ್ನು ವಾರ್ಷಿಕೋತ್ಸವದ ಶಾಮಿಯಾನಕ್ಕೆ ಹಾಕಿದ್ದರು. ಕದ್ದವರು ಯಾರೂ ಇಲ್ಲ. ಆದರೆ ಪ್ರವಾಸಕ್ಕೆ ಹೋದ ಮಕ್ಕಳ ಹಣದಿಂದ ಎಲ್ಲರಿಗೂ ಶಾಮಿಯಾನ ಹಾಕಿದಂತಾಯಿತು. ಸಭೆಯಲ್ಲಿ ನಾನು ಲೆಕ್ಕವನ್ನು ಗಟ್ಟಿಯಾಗಿ ಓದಿದೆನು. ಒಬ್ಬ ತಾಯಿ, ಅದುವರೆಗೆ ಎಂದೂ ಬಾಯಿ ತೆರೆಯದವರು, ‘ಹಂಗಾದ್ರ ನನ್ನ ಮಗನಿಗೆ ನಲವತ್ತು ರೂಪಾಯಿ ಬರಬೇಕು’ ಎಂದರು. ಬಂದಿತು. ಮುಂದಿನ ಸಭೆಗೆ ತಾಯಂದಿರು ಹೆಚ್ಚಾಗಿ ಬಂದರು. ಹತ್ತನೆಯ ತರಗತಿಯ ಸಂಜೆಯ ವಿಶೇಷ ತರಗತಿ ಮುಗಿಯುವ ಹೊತ್ತಿಗೆ ಹೆಣ್ಣುಮಕ್ಕಳಿಗೆ ಬಸ್ಸಿಲ್ಲವೆಂಬುದು, ಶೌಚಾಲಯದ ಬೀಗದ ಕೈ ಯಾರ ಬಳಿ ಇರುತ್ತದೆಂಬುದು, ಇವೆಲ್ಲ ಮಾತಿಗೆ ಬಂದುದು ಆ ನಲವತ್ತು ರೂಪಾಯಿಯ ನಂತರವೇ. ಲೆಕ್ಕ ತಿಳಿದ ಜನಕ್ಕೆ ಉಳಿದುದನ್ನು ಕೇಳುವ ಧೈರ್ಯ ತಾನಾಗಿ ಬರುತ್ತದೆ.

ಹೀಗಿರಲು ಮೊಟ್ಟೆಯ ಪ್ರಶ್ನೆ ಬಂದಿತು.

ಬಿಸಿಯೂಟದ ಅಕ್ಷರ ದಾಸೋಹವು 2002ರಲ್ಲಿ ಮೊದಲು ಆರಂಭವಾದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಮುಂದೆ ಅದು ಪ್ರೌಢಶಾಲೆಗೂ ಬಂದಿತು. 2021ರ ಡಿಸೆಂಬರಿನಲ್ಲಿ ಸರ್ಕಾರವು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿಯೂ ವಿಜಯಪುರದಲ್ಲಿಯೂ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಬೇಯಿಸಿದ ಮೊಟ್ಟೆಯನ್ನು, ತಿನ್ನದವರಿಗೆ ಬಾಳೆಹಣ್ಣನ್ನು ಕೊಡತೊಡಗಿತು. ಈ ಭಾಗದ ಮಕ್ಕಳಲ್ಲಿ ರಕ್ತಹೀನತೆಯೂ ಅಪೌಷ್ಟಿಕತೆಯೂ ಹೆಚ್ಚೆಂಬುದು ಅದಕ್ಕೆ ಕೊಟ್ಟ ಕಾರಣ. ಕೆಲವು ಲಿಂಗಾಯತ ಮಠಾಧೀಶರೂ ನಮ್ಮ ಸಮಾಜದ ಅನೇಕರೂ ವಿರೋಧಿಸಿದುದು ಓದುಗರಿಗೆ ನೆನಪಿದ್ದೀತು. ಸಹಿ ಸಂಗ್ರಹಕ್ಕೆ ಬಂದವರ ಕಾಗದಕ್ಕೆ ನಾನೂ ಸಹಿ ಮಾಡಿದ್ದೆನು. ಯೋಜನೆ ನಿಲ್ಲಲಿಲ್ಲ, ಇತರ ಜಿಲ್ಲೆಗಳಿಗೂ ಹಬ್ಬಿತು. 2023ರಲ್ಲಿ ಒಂಬತ್ತು, ಹತ್ತನೆಯ ತರಗತಿಗಳಿಗೂ ವಿಸ್ತರಿಸಿ, ವಾರಕ್ಕೆ ಎರಡು ದಿನವೆಂದಾಯಿತು. ಮಗುವೊಂದಕ್ಕೆ ದಿನಕ್ಕೆ ಸರ್ಕಾರ ಕೊಡುತ್ತಿದ್ದುದು 6 ರೂಪಾಯಿ. ಬೇಯಿಸುವ ಇಂಧನ, ಸಿಪ್ಪೆ ಸುಲಿಯುವ ಕೂಲಿ, ಸಾಗಾಟ ಎಲ್ಲವೂ ಅದರೊಳಗೇ.

ಪ್ರೌಢಶಾಲೆಯಲ್ಲಿ ಇದಕ್ಕೆಂದು ಬೇರೊಂದು ಪುಸ್ತಕ ತೆರೆದರು. ಆ ಪುಸ್ತಕ ಮೇಜಿನ ಮೇಲೆ ಬಂದ ದಿನ ನಾನು ಕೈ ಹಿಂದೆ ತೆಗೆದೆನು. ‘ಇದೊಂದನ್ನು ನಾನು ನೋಡಲಾರೆ. ಕೃತ, ಕಾರಿತ, ಅನುಮೋದಿತವೆಂದು ನಮ್ಮಲ್ಲಿ ಮೂರು ಬಗೆ. ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಒಪ್ಪಿಗೆ ಕೊಡುವುದು ಮೂರೂ ಬಂಧಕ್ಕೆ ಕಾರಣ. ಸಹಿ ಹಾಕಿದರೆ ನಾನು ಒಪ್ಪಿದಂತೆ’ ಎಂದು ವಿವರಿಸಿದೆನು. ಸಭೆ ಗೌರವದಿಂದ ಕೇಳಿತು. ಒಬ್ಬರು ಎದ್ದು, ‘ಸಾಹುಕಾರರ ಧರ್ಮ ದೊಡ್ಡದು, ಅವರಿಗೆ ಇದರ ತಂಟೆ ಬೇಡ’ ಎಂದರು. ಸ್ವಾಧ್ಯಾಯದ ಬಂಧುಗಳಿಗೆ ಹೇಳಿದಾಗ ಅವರೂ ಮೆಚ್ಚಿದರು. ಆ ಮೆಚ್ಚುಗೆಯನ್ನು ನಾನು ಸ್ವಲ್ಪ ಹೆಚ್ಚಾಗಿಯೇ ಸವಿದೆನೆಂದು ಒಪ್ಪಿಕೊಳ್ಳುತ್ತೇನೆ. ಮಾನಕಷಾಯವು ತ್ಯಾಗದ ವೇಷದಲ್ಲಿ ಬಂದಾಗ ಗುರುತು ಸಿಕ್ಕುವುದು ಕಷ್ಟ.

ಮುಂದಿನ ಚಳಿಗಾಲದಲ್ಲಿ ಒಂದು ದಿನ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಅಂಗಡಿಗೆ ಬಂದು ನೋಟುಪುಸ್ತಕ ಕೊಂಡಳು. ಶಾಲೆಯ ಮಕ್ಕಳು ಬಂದರೆ ಇಂದು ಊಟಕ್ಕೆ ಏನಿತ್ತು ಎಂದು ಕೇಳುವುದು ನನ್ನ ರೂಢಿ. ‘ಮೊಟ್ಟಿ ಇತ್ತು, ನಮಗ ಹಣ್ಣು’ ಎಂದಳು. ‘ನೀವು ಮೊಟ್ಟೆ ತಿನ್ನುವುದಿಲ್ಲವೇನಮ್ಮ?’ ಎಂದೆನು. ಹುಡುಗಿ ನನ್ನ ಮುಖವನ್ನು ನೋಡಿ, ನಾನು ಯಾರೆಂದು ನೆನಪು ಮಾಡಿಕೊಂಡವಳಂತೆ, ತಡವರಿಸಿದಳು. ಬಳಿಕ, ‘ತಿಂತೀವ್ರಿ. ಆದ್ರ ಸಾಲಿನ ಹಿಂದ ನಿಂತವರಿಗೆ ಮುಗಿದುಹೋಗಿರ್ತಾವ’ ಎಂದಳು. ಸಾಲಿನ ಹಿಂದೆ ನಿಲ್ಲುವವರು ಯಾರೆಂದು ನಾನು ಕೇಳಲಿಲ್ಲ. ದೂರದ ಹಟ್ಟಿಗಳಿಂದ ನಡೆದು ಬಂದು, ತಡವಾಗಿ ತಟ್ಟೆ ತೊಳೆದು ಬರುವ ಮಕ್ಕಳು ಯಾರೆಂಬುದು ಆ ಶಾಲೆಯನ್ನು ಬಲ್ಲವರಿಗೆಲ್ಲ ಗೊತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲವೆಂದು ಬರೆದರೆ ಉತ್ಪ್ರೇಕ್ಷೆಯಾದೀತು. ನಿದ್ದೆ ಬಂದಿತು. ಬೆಳಿಗ್ಗೆ ಸಾಮಾಯಿಕಕ್ಕೆ ಕುಳಿತಾಗ ಮನಸ್ಸು ನಿಲ್ಲಲಿಲ್ಲ. ಎರಡು ದಿನ ತಡೆದು ಶಾಲೆಗೆ ಹೋಗಿ, ನೋಡಲಾರೆನೆಂದು ದೂರ ಸರಿಸಿದ್ದ ಆ ಪುಸ್ತಕವನ್ನೇ ಕೇಳಿದೆನು.

ಮೊಟ್ಟೆಗಳನ್ನು ಮಾರುವುದು ಟ್ರೇಗಳಲ್ಲಿ. ಒಂದು ಟ್ರೇಗೆ 30. ಅದನ್ನು ಎಂದೂ ಕೊಂಡು ಮಾರದವನಿಗೂ ವ್ಯಾಪಾರಿಯಾದ ಕಾರಣ ಇಷ್ಟು ತಿಳಿದಿರುತ್ತದೆ. ಆ ದಿನದ ಹಾಜರಿ 168. ಹಣ್ಣು ಬೇಕೆಂದು ಬರೆಸಿದ್ದವರು 12. ಮೊಟ್ಟೆ ಪಡೆದವರೆಂದು ಪುಸ್ತಕದಲ್ಲಿ ಬರೆದಿದ್ದುದು 156. ಹೊಸಪೇಟೆಯಿಂದ ತಂದ ಚೀಟಿಯಲ್ಲಿದ್ದುದು 4 ಟ್ರೇ, ಅಂದರೆ 120. ಹಿಂದಿನ ವಾರವೂ ಹೀಗೆಯೇ, ಅದರ ಹಿಂದಿನ ವಾರವೂ ಹೀಗೆಯೇ. 36 ಮಕ್ಕಳು ಪುಸ್ತಕದಲ್ಲಿ ಮೊಟ್ಟೆ ತಿಂದಿದ್ದರು; ಶಾಲೆಯ ಜಗಲಿಯಲ್ಲಿ ಬಾಳೆಹಣ್ಣು ತಿಂದಿದ್ದರು.

ಇಲ್ಲಿ ಕಳವು ಸಿಕ್ಕಿತೆಂದೇ ನಾನು ಭಾವಿಸಿದೆನು. ಲೆಕ್ಕ ಹಾಕಿ ನೋಡಿದರೆ ಬೇರೆಯೇ ಆಯಿತು. 168 ಮಕ್ಕಳಿಗೆ ಸರ್ಕಾರದಿಂದ ಬರುವುದು 1,008 ರೂಪಾಯಿ. ಆ ವಾರ ಮೊಟ್ಟೆಯೊಂದಕ್ಕೆ ಚೀಟಿಯಲ್ಲಿದ್ದ ಬೆಲೆ ಆರೂವರೆ ರೂಪಾಯಿ. 120ಕ್ಕೆ 780. ಹಣ್ಣು 48, ಒಂದಕ್ಕೆ ಮೂರರಂತೆ 144. ಉಳಿದುದು 84. ಗ್ಯಾಸು, ಸುಲಿಯುವ ಕೂಲಿ, ಆಟೋದ ಬಾಡಿಗೆ ಸೇರಿದರೆ ಅಲ್ಲಿಗೆ ಸರಿಹೋಯಿತು. ಒಂದು ಪೈಸೆಯೂ ಯಾರ ಜೇಬಿಗೂ ಹೋಗಿರಲಿಲ್ಲ. ಮುಖ್ಯೋಪಾಧ್ಯಾಯರು ತಲೆ ತಗ್ಗಿಸಿ ಹೇಳಿದ ಮಾತು ಇಷ್ಟು: ‘ಮೊದಲ ತಿಂಗಳುಗಳಲ್ಲಿ ಕೈಯಿಂದ ಹಾಕಿದೆ. ನನ್ನ ಮಗಳೂ ಓದುತ್ತಿದ್ದಾಳೆ. ಪ್ರತಿ ವಾರ ಹಾಕಲಾಗಲಿಲ್ಲ. ಕಡಿಮೆ ಬರೆದರೆ ಮೇಲಿನವರು ಏಕೆ ಕೊಡಲಿಲ್ಲವೆಂದು ಕೇಳುತ್ತಾರೆ. ಪೂರ್ತಿ ಬರೆದರೆ ಯಾರೂ ಕೇಳುವುದಿಲ್ಲ.’ ಬಳಿಕ, ಸ್ವಲ್ಪ ತಡೆದು, ‘ನೀವು ಇತರ ಪುಸ್ತಕ ನೋಡಿದ ಹಾಗೆ ಇದನ್ನೂ ನೋಡಿದ್ದರೆ ಮೊದಲ ವಾರವೇ ನಿಮಗೆ ಹೇಳುತ್ತಿದ್ದೆ’ ಎಂದರು.

ಅವರು ಆಕ್ಷೇಪಿಸಿ ಹೇಳಿದುದಲ್ಲ. ಆದರೂ ಆ ಮಾತಿನ ಎದುರು ನನಗೆ ಉತ್ತರ ಸಿಗಲಿಲ್ಲ.

ಪೂಜ್ಯಪಾದರ ವಿವರಣೆ ನೆನಪಿಗೆ ಬಂದುದು ಆಗ. ಸರ್ಕಾರವು ಆ ಮಕ್ಕಳ ಹೆಸರಿನಲ್ಲಿ ಒಂದು ನ್ಯಾಸವನ್ನು ಶಾಲೆಯಲ್ಲಿ ಇರಿಸಿದೆ. ತಮ್ಮ ಹೆಸರಿನಲ್ಲಿ ಎಷ್ಟಿದೆಯೆಂದು ಮಕ್ಕಳಿಗೆ ತಿಳಿಯದು. ಅವರ ತಾಯಂದಿರಿಗೂ ತಿಳಿಯದು. ಕೊಟ್ಟುದನ್ನು ತೆಗೆದುಕೊಂಡು ಹೋಗುತ್ತಾರೆ. ಒಡವೆ ಇಟ್ಟವನು ಎಣಿಕೆ ಮರೆತಂತೆಯೇ ಇದು. ಆಗ ಇರಿಸಿಕೊಂಡವನು ಸುಮ್ಮನಿದ್ದರೆ ಅವನ ಕೈ ಶುದ್ಧವಾಗಿಯೇ ಉಳಿಯುತ್ತದೆ. ಮಾತು ಮಾತ್ರ ಕೆಡುತ್ತದೆ. ಇದನ್ನು ಅಚೌರ್ಯದಲ್ಲಿ ಸೇರಿಸದೆ ಸತ್ಯದಲ್ಲಿ ಏಕೆ ಸೇರಿಸಿದರೆಂಬ ನನ್ನ ಹಳೆಯ ಸಂದೇಹ ಆ ಮುರುಕು ಮೇಜಿನ ಮುಂದೆ ಪರಿಹಾರವಾಯಿತು. 156 ಎಂದು ಬರೆದುದರಿಂದ ಹಣವೇನೂ ಕಾಣೆಯಾಗಲಿಲ್ಲ. ಕಾಣೆಯಾದುದು ಕೊರತೆಯ ಸುದ್ದಿ. ತಾಲ್ಲೂಕಿಗೂ ಜಿಲ್ಲೆಗೂ ಬೆಂಗಳೂರಿಗೂ ಹೋದ ಅಂಕಿಯಲ್ಲಿ ಎಲ್ಲ ಮಕ್ಕಳೂ ತಿಂದಿದ್ದರು. ಆರು ರೂಪಾಯಿ ಸಾಲುತ್ತಿತ್ತು. ಹಾಗಾದರೆ ದರವನ್ನು ಹೆಚ್ಚಿಸುವವರಾರು? ನಿಜವನ್ನು ಬರೆದ ಶಾಲೆಗಳೂ ಇದ್ದಾವು. ಅವರ ಮಾತಿಗೆ ಬಲ ಬರದಂತೆ ಮಾಡಿದುದು ನಮ್ಮಂತಹವರ ತುಂಬು ಅಂಕಿ.

ಮತ್ತು ನಾನು? ಆ ಇಡೀ ಊರಿನಲ್ಲಿ ಚೀಟಿಯನ್ನೂ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟು ಐದು ನಿಮಿಷದಲ್ಲಿ ಇದನ್ನು ಕಾಣಬಲ್ಲವನು ಸಮಿತಿಯಲ್ಲಿ ನಾನೊಬ್ಬನೇ ಇದ್ದೆನು. ಅದಕ್ಕಾಗಿಯೇ ನನ್ನನ್ನು ಕರೆದಿದ್ದರು.

ಸ್ವಾಧ್ಯಾಯದ ಬಂಧುಗಳ ಮುಂದೆ ಇದನ್ನು ಇಟ್ಟಾಗ ವಾದ ಎರಡು ವಾರ ನಡೆಯಿತು. ಹಿರಿಯರೊಬ್ಬರು, ‘ಅನುಮೋದನೆಯ ದೋಷ ತಪ್ಪದು. ನೀವು ಸಮಿತಿಯನ್ನೇ ಬಿಟ್ಟುಬಿಡಿ’ ಎಂದರು. ಮತ್ತೊಬ್ಬರು, ಲೆಕ್ಕ ನೋಡುವುದು ಒಪ್ಪಿಗೆಯಲ್ಲ, ಸಾಕ್ಷಿ ಮಾತ್ರವೆಂದರು. ‘ಆಸ್ಪತ್ರೆಯ ಟ್ರಸ್ಟಿನಲ್ಲಿರುವ ನಮ್ಮವರು ಅಲ್ಲಿನ ಔಷಧಿಗಳೆಲ್ಲ ಯಾವುದರಿಂದ ಆದವೆಂದು ಕೇಳುತ್ತಾರೆಯೇ?’ ಎಂದು ಕಿರಿಯರೊಬ್ಬರು ಕೆಣಕಿದರು. ನನಗೆ ಮೊದಲಿನವರ ಮಾತೂ ಹಗುರವೆನಿಸಲಿಲ್ಲ. ಮೊಟ್ಟೆಯ ವಿಷಯದಲ್ಲಿ ನನ್ನ ಶ್ರದ್ಧೆ ಬದಲಾಗಿಲ್ಲ. ಮಕ್ಕಳ ಪುಷ್ಟಿಗೆ ಹಾಲು, ಕಾಳು, ಶೇಂಗಾ ಸಾಲದೇ ಎಂಬ ಪ್ರಶ್ನೆಯನ್ನು ನಾನು ಇಂದಿಗೂ ಕೇಳುತ್ತೇನೆ. ಆದರೆ ಆ ಪ್ರಶ್ನೆಯನ್ನು ಕೇಳಬೇಕಾದುದು ಬೆಂಗಳೂರಿನಲ್ಲಿ, ಬಾಯಿಯಿಂದ. ಸಾಲಿನ ಹಿಂದೆ ನಿಂತ ಮಗುವಿನ ತಟ್ಟೆಯಲ್ಲಿ, ನನ್ನ ಕಣ್ಣನ್ನು ಮುಚ್ಚುವುದರಿಂದ ಅಲ್ಲ. ನಾನು ನೋಡದಿದ್ದುದರಿಂದ ಒಂದು ಜೀವವೂ ಉಳಿಯಲಿಲ್ಲ. ಅಹಿಂಸೆಗೆ ಅದರಿಂದ ಕೂಡಿದುದು ಸೊನ್ನೆ. ಸತ್ಯಕ್ಕೆ ಆದ ನಷ್ಟ ವಾರಕ್ಕೆರಡು ಬಾರಿ ಪುಸ್ತಕದಲ್ಲಿತ್ತು.

ಇಷ್ಟು ಹೇಳಿದ ಮೇಲೆ ನಮ್ಮ ಸಮಾಜದ ಟ್ರಸ್ಟುಗಳೇ ನಡೆಸುವ ಪ್ರೌಢಶಾಲೆಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ಪರರ ಮನೆಯ ಕಸ ತೋರಿಸಿದಂತಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯು ಅನುದಾನರಹಿತ ಖಾಸಗಿ ಶಾಲೆಗಳಿಗೆ ಪೋಷಕರ ಸಮಿತಿಯನ್ನು ಕಡ್ಡಾಯಗೊಳಿಸಲಿಲ್ಲ. 2012ರ ತಿದ್ದುಪಡಿಯಿಂದ ಅನುದಾನಿತ ಮತ್ತು ಅಲ್ಪಸಂಖ್ಯಾತ ಶಾಲೆಗಳಲ್ಲಿ ಸಮಿತಿಯು ಸಲಹೆ ಕೊಡುವುದಕ್ಕೆ ಸೀಮಿತವಾಯಿತು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತರೆಂದು ಘೋಷಿಸಿತು. ನಾವು ಸಿಹಿ ಹಂಚಿದೆವು, ಹಂಚಬೇಕಾದುದೇ. ನಮ್ಮ ಶಾಲೆಗಳನ್ನು ನಮ್ಮ ಇಚ್ಛೆಯಂತೆ ನಡೆಸುವ ಹಕ್ಕು ಗಟ್ಟಿಯಾಯಿತು. ಆದರೆ ಹೊರಗಿನ ಕಣ್ಣು ಎಷ್ಟು ಕಡಿಮೆಯಾಯಿತೋ ಒಳಗಿನ ಕಣ್ಣು ಅಷ್ಟು ಹೆಚ್ಚಾಯಿತೇ? ಬಸದಿಯ ಭಂಡಾರದ ಪೆಟ್ಟಿಗೆಯನ್ನು ತೆರೆಯುವಾಗ ನಾವು ನಾಲ್ವರ ಎದುರು ಎಣಿಸುತ್ತೇವೆ. ದೇವದ್ರವ್ಯವೆಂಬ ಭಯ ನಮಗಿದೆ. ನಿರ್ಮಾಲ್ಯವನ್ನು ಮುಟ್ಟಲು ಕೈ ನಡುಗುತ್ತದೆ. ಅದೇ ಟ್ರಸ್ಟಿನ ಶಾಲೆಯಲ್ಲಿ ಪ್ರಯೋಗಾಲಯದ ಶುಲ್ಕವೆಂದು ಪಡೆದ ಹಣ ಪ್ರಯೋಗಾಲಯಕ್ಕೇ ಹೋಯಿತೇ ಎಂದು ಎಣಿಸುವವರು ಎಷ್ಟು ಜನ? ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಭಾಷಣಗಳಲ್ಲಿ ಹೇಳುತ್ತೇವೆ. ಸಾವಿರವೆಂದು ಹೇಳಬೇಕಾದರೆ ಯಾರೋ ಒಬ್ಬರು ಓಲೆಗಟ್ಟುಗಳನ್ನು ಎಣಿಸಿರಲೇಬೇಕು.

ನಮ್ಮ ವಡ್ಡುವಿನಿಂದ ಹಂಪೆ ದೂರವಲ್ಲ. ಆ ಹಂಪೆಯಿಂದ ಆಳಿದ ಒಂದನೆಯ ಬುಕ್ಕರಾಯನ 1368ರ ಶಾಸನವನ್ನು ಸರ್ವಧರ್ಮ ಸಮನ್ವಯದ ಸಭೆಗಳಲ್ಲಿ ನಾವು ತಪ್ಪದೆ ಸ್ಮರಿಸುತ್ತೇವೆ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ರಾಯನು ಇಬ್ಬರ ಕೈ ಹಿಡಿಸಿ ಪರಿಹರಿಸಿದ ಕಥೆ ಎಲ್ಲರಿಗೂ ಗೊತ್ತು. ಆ ಶಾಸನದ ಹಣಕಾಸಿನ ಭಾಗವನ್ನು ಮಾತ್ರ ಯಾರೂ ಓದುವುದಿಲ್ಲ. ವ್ಯಾಪಾರಿಗೆ ಕಣ್ಣು ಹೋಗುವುದೇ ಅಲ್ಲಿಗೆ. ರಾಜ್ಯದ ಜೈನರು ಮನೆಗೊಂದು ಹಣದಂತೆ ವರ್ಷಕ್ಕೊಮ್ಮೆ ಕೊಡಬೇಕು. ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇರಿಸಬೇಕು. ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಯಿಸಬೇಕು. ಇದನ್ನು ಕೂಡಿಸಿ ನಡೆಸುವ ಹೊಣೆ ಯಾರದು? ತಿರುಮಲೆಯ ತಾತಯ್ಯನದು, ವೈಷ್ಣವನದು. ಹಣ ನಮ್ಮದು, ಬಸದಿ ನಮ್ಮದು, ನೋಡುವ ಕಣ್ಣು ಎದುರು ಪಕ್ಷದ್ದು. ಈ ಶಾಸನವನ್ನು ಮುಂದೆ ಜೀರ್ಣೋದ್ಧಾರ ಮಾಡಿಸಿ ಸಂಘನಾಯಕನೆಂಬ ಗೌರವವನ್ನು ಪಡೆದವನು ಕಲ್ಲೇಹದ ಬುಸುವಿಸೆಟ್ಟಿ, ನಮ್ಮಂತೆಯೇ ಒಬ್ಬ ಸೆಟ್ಟಿ. ತನ್ನ ಧರ್ಮದ ಹಣವನ್ನು ಅನ್ಯರು ಎಣಿಸುವುದು ಅವನಿಗೆ ಅವಮಾನವೆನಿಸಿದಂತೆ ಕಾಣುವುದಿಲ್ಲ. ನಮ್ಮ ಶಾಲೆಯ ಆಡಳಿತ ಮಂಡಳಿಯಲ್ಲಿ ನಮ್ಮವರಲ್ಲದ ಇಬ್ಬರು ತಾಯಂದಿರನ್ನು ಕೂರಿಸಿ ಲೆಕ್ಕ ಓದಿ ಹೇಳೋಣವೆಂದರೆ ನಾವು ಮುಖ ನೋಡಿಕೊಳ್ಳುತ್ತೇವೆ.

ನಮ್ಮ ಸಮಿತಿಯ ಕಥೆಗೆ ಮರಳುತ್ತೇನೆ. ಮುಂದಿನ ಸಭೆಯಲ್ಲಿ ನಾನೇ ಆ ಪುಸ್ತಕವನ್ನು ಓದಿದೆನು, ಟ್ರೇಗಳ ಚೀಟಿಯನ್ನೂ ಓದಿದೆನು, ನಾನು ಇದುವರೆಗೆ ಓದದಿದ್ದುದನ್ನೂ ಹೇಳಿದೆನು. ಇನ್ನು ಮುಂದೆ ಬಂದಷ್ಟನ್ನೇ ಬರೆಯತಕ್ಕದ್ದು, ಕೊರತೆಯನ್ನು ಕಾರಣ ಸಹಿತ ಮೇಲಕ್ಕೆ ತಿಳಿಸತಕ್ಕದ್ದು ಎಂದು ನಿರ್ಣಯವಾಯಿತು. ಪತ್ರವನ್ನು ಸಮಿತಿಯ ಹೆಸರಿನಲ್ಲಿ ಕಳುಹಿಸಿದುದರಿಂದ ಮುಖ್ಯೋಪಾಧ್ಯಾಯರಿಗೆ ತೊಂದರೆಯಾಗಲಿಲ್ಲ. ಒಬ್ಬರೇ ಬರೆಯಲು ಅಂಜುವ ನಿಜವನ್ನು ಹನ್ನೆರಡು ಜನ ಸಹಿ ಮಾಡಿ ಬರೆಯಬಹುದು. ಸಮಿತಿಗಳು ಇರುವುದು ಇದಕ್ಕಾಗಿಯೇ ಇರಬೇಕು.

ಅಲ್ಲಿಯವರೆಗೆ ಮಕ್ಕಳ ಗತಿಯೇನು? ಹಣ ಕೊಡಲು ನನಗೆ ಕಷ್ಟವಿರಲಿಲ್ಲ. ಕೊಟ್ಟರೆ ನಾನೇ ಕೊಂಡಂತೆ. ಯೋಚಿಸಿ ಒಂದು ಉಪಾಯ ಮಾಡಿದೆನು. ಗ್ಯಾಸು, ಕೂಲಿ, ಬಾಡಿಗೆಯ 84 ರೂಪಾಯಿಯನ್ನೂ ಹಣ್ಣು ಬೇಕೆಂದ 12 ಮಕ್ಕಳ 36 ರೂಪಾಯಿಯನ್ನೂ ನಾನು ವಹಿಸಿಕೊಂಡೆನು. ಆಗ ಸರ್ಕಾರದ 1,008 ರೂಪಾಯಿ ಪೂರ್ತಿ ಉಳಿದುದಕ್ಕೆ ಒದಗುತ್ತದೆ. 156ಕ್ಕೆ ಆರೂವರೆಯಂತೆ ಬೇಕಾದುದು 1,014. ಆರು ರೂಪಾಯಿ ಕಡಿಮೆ ಬಿದ್ದಿತು. ಆ ಆರು ರೂಪಾಯಿಯ ಎದುರು ನಾನು ಬಹಳ ಹೊತ್ತು ಪೆನ್ನು ಹಿಡಿದು ಕುಳಿತಿದ್ದೆನು. ಮುಖ್ಯೋಪಾಧ್ಯಾಯರು ನಕ್ಕು, ‘ಅದನ್ನು ನಾನು ಹಾಕುತ್ತೇನೆ ಬಿಡಿ’ ಎಂದರು. ಮನೆಗೆ ಬಂದು ಮಗನಿಗೆ ಹೇಳಿದರೆ ಅವನೂ ನಕ್ಕನು. ‘ಇದು ಬಿ.ಕಾಂ. ಧರ್ಮ ಅಪ್ಪಾಜಿ. ಹಣ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಕರ್ಮಕ್ಕೆ ಗೊತ್ತಾಗುವುದಿಲ್ಲವೆಂದು ತಿಳಿದಿದ್ದೀರಾ?’ ಎಂದನು. ಅವನ ಮಾತನ್ನು ತಳ್ಳಿಹಾಕುವ ಆಧಾರ ನನ್ನಲ್ಲಿಲ್ಲ. ಚತುರ್ದಶಿಯಂದು ಪ್ರತಿಕ್ರಮಣಕ್ಕೆ ಕುಳಿತಾಗ ಆ 84 ಮತ್ತು 36ನ್ನು ಆಲೋಚನೆಯಲ್ಲಿ ಸೇರಿಸಿಯೇ ಹೇಳಿಕೊಳ್ಳುತ್ತೇನೆ. ನೋಡದೆ ಕಳೆದ ಆ ತಿಂಗಳುಗಳನ್ನೂ ಹೇಳಿಕೊಳ್ಳುತ್ತೇನೆ. ಎರಡರಲ್ಲಿ ಯಾವುದು ಹೆಚ್ಚು ಭಾರವೆಂದು ಅಳೆಯಲು ನನಗೆ ಬರುವುದಿಲ್ಲ.

2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವು ಸೇರಿ ವಾರಕ್ಕೆ ಎರಡಿದ್ದುದು ಆರು ದಿನವಾಯಿತು. ಪುಸ್ತಕ ದಪ್ಪವಾಯಿತು. ಬೆಲೆ ಏರಿಳಿಯುವುದು ನಿಂತಿಲ್ಲ. ತಿಂಗಳ ಕೊನೆಯ ಶನಿವಾರ ನಾನು ಹೋಗಿ ಎಲ್ಲ ಪುಸ್ತಕಗಳನ್ನೂ, ಅದನ್ನೂ ಸೇರಿಸಿ, ಓದುತ್ತೇನೆ. ಮೊನ್ನೆ ನೋಡಿದಾಗ ಒಂದು ದಿನದ ಸಾಲಿನಲ್ಲಿ ಹಾಜರಿಗಿಂತ ಕಡಿಮೆ ಅಂಕಿ ಇತ್ತು. ಪಕ್ಕದಲ್ಲಿ ಮುಖ್ಯೋಪಾಧ್ಯಾಯರು ತಮ್ಮ ಕೈಯಿಂದಲೇ, ಇಂದು ಏಳು ಮಕ್ಕಳಿಗೆ ಸಾಲಲಿಲ್ಲ ಎಂದು ಬರೆದಿದ್ದರು. ನಾನು ಆ ಸಾಲಿನ ಕೆಳಗೆ ಸಹಿ ಮಾಡಿದೆನು.